ದಂಡನಾಯಕರ ಕುದುರೆಗೆ ಹುರುಳಿ

ಕಂಚಿನ ಕುದುರೆ ಅಲ್ಲಾಡಲ್ಲ, ನಿಜ. ಅದರ ಸುತ್ತಲಿನ ಜನ ಸುಮ್ನಿರಬೇಕಲ್ಲ! ದಾವಣಗೆರೆಯ ಈ ಸರ್ಕಲ್ಲಿನಾಗೆ ಕುದುರೆ ಏರಿ ಕೂತಿರೋ ಹಳೇಕಾಲದ ದಂಡನಾಯಕರ ಪ್ರತಿಮೆ ತೊಳೆಯೋದು, ಸುತ್ತಲಿನ ಗಿಡಕ್ಕೆ ನೀರು ಬಿಡೋದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ದಿನಾ ಏನಾದ್ರೂ ಒಂದು ನಡೀತಾನೇ ಇರ್ತದೆ.

೧. ಬಾಲದ ಕಡೆ

ಮಂಡಿಪೇಟೆ ವ್ಯಾಪಾರಿಯೊಬ್ರು ಪ್ರತಿಮೆ ಕೆಳಗೆ ನಿಂತು ಫೋನಿನಾಗೆ ದಾರಿ ಹೇಳ್ತಿದ್ರು: “ಕುದುರೆ ಬಾಲದ ಕಡೆ ಬರ್ರಿ, ನಮ್ಮ ಅಂಗಡಿ ಸಿಗ್ತದೆ.”

ನನಗೆ ಸಿಟ್ಟು ನೆತ್ತಿಗೇರ್ತು. “ಅಲ್ರಿ, ಇವರು ನಾಡಿಗಾಗಿ ಜೀವ ಕೊಟ್ಟೋರು. ಅವರ ಕತ್ತಿ ತೋರಿಸಿ ಹೇಳಾಕ ಬರಲ್ವಾ?”

“ಕತ್ತಿ ಕಡೆ ಹೋದ್ರೆ ಗಿರಾಕಿ ಹರಿಹರ ಸೇರ್ತಾನೆ ರೀ!”

೨. ಕೊನೇ ಸಾಲು

ಸಾರಥಿ ಅನ್ನೋ ಹಳ್ಳಿಯಿಂದ ವರ್ಷಕ್ಕೊಂದು ಸಲ ಒಬ್ಬ ವಯಸ್ಸಾದ ಅಮ್ಮ ಬರ್ತಾರೆ. ನೆನೆಸಿದ ಹುರುಳಿ ತಂದು ಕುದುರೆ ಮುಂಗಾಲಿನ ಬುಡಕ್ಕೆ ಇಡ್ತಾರೆ. ಮೊದಲ ಸಲ ಕೇಳೇಬಿಟ್ಟೆ, “ಯಾಕಮ್ಮಾ, ದಂಡನಾಯಕರಿಗೆ ಏನೂ ಇಲ್ವಾ?”

“ಅವರಿಗೆ ಹಾರ ಹಾಕಾಕ ಊರೇ ಐತೆ. ಕುದುರೆಗೆ ಯಾರು ಅದಾರೆ ತಮ್ಮಾ? ನಮ್ಮನೆಯವ್ರು ಮಿಲ್ಟ್ರಿಯಾಗೆ ಕುದುರೆ ನೋಡ್ಕಂತಿದ್ರು. ಮಂಜಿನ ಗುಡ್ಡದಾಗೆ ಕುದುರೆ ಜತಿಗೇ ಜಾರಿ ಬಿದ್ದು ತೀರ್ಕಂಡ್ರು. ಇವತ್ತೇ ಆ ದಿನ.”

ಆಕೆ ಸೆರಗಿನಿಂದ ಮುಖ ಒರೆಸ್ಕೊಂಡು ನಕ್ರು. “ಅವರ ಪ್ರತಿ ಕಾಗದದಾಗೂ ಕುದುರೆ ತಿಂದಿದ್ದು, ಮಲಗಿದ್ದು ಮೊದಲು. ನೀ ಹೆಂಗಿದ್ದೀ ಅಂತ ಕೇಳೋದು ಕೊನೇ ಸಾಲಿನಾಗೆ. ಅದೂ ಜಾಗ ಉಳಿದ್ರೆ!”

೩. ಒಂದು ಹಿಡಿ

ಈ ವರ್ಷ ಅದೇ ದಿನ ಪಾಲಿಕೆಯ ದೊಡ್ಡ ಸಾಹೇಬ್ರು ಹಾರ ಹಾಕಾಕ ಬರೋರಿದ್ರು. “ಕಟ್ಟೆ ಮೇಲೆ ಒಂದು ಕಾಳೂ ಕಾಣಬಾರ್ದು, ಕಂಡ್ರೆ ನಿನ್ನ ಕೆಲಸ ಹೋತು” ಅಂದಿದ್ರು ನಮ್ಮ ಮೇಸ್ತ್ರಿ. ಆ ತಾಯಿಗೆ ಹೆಂಗೆ ಹೇಳಲಿ? ಗಂಡನ ಹೆಸರಲ್ಲಿ ಆಕೆ ಮಾಡೋದು ಇದೊಂದೇ. “ಅವರು ಬರೋದ್ರೊಳಗೆ ಬೇಗ ಇಟ್ಟು ಹೋಗಮ್ಮಾ” ಅಂದೆ. ಮೊಣಕಾಲು ನೋವಿನಾಕಿ, ಎಲ್ಲಿ ಬೇಗ! ಆಕೆ ಕಟ್ಟೆ ಹತ್ತಿ ಗಂಟು ಬಿಚ್ಚೋ ಹೊತ್ತಿಗೆ ಸಾಹೇಬ್ರು ಬಂದು, ಹಾರ ಹಾಕಿ, ಬಾಲದ ಕಡೆ ಇಟ್ಟಿದ್ದ ಏಣಿ ಇಳಿದೂ ಆಗಿತ್ತು. ಏಣಿ ಹಿಡಿದು ನಾನೂ ಅಲ್ಲೇ ಬಾಲದ ಹಿಂದೆ ನಿಂತಿದ್ದೆ.

“ಏನಮ್ಮಾ, ಕಂಚಿನ ಕುದುರೆ ಹುರುಳಿ ತಿಂತದಾ?” ಅಂದ್ರು ಸಾಹೇಬ್ರು.

“ಕಂಚಿನವ್ರು ಹೂವಿನ ವಾಸನೆ ನೋಡ್ತಾರೇನ್ರಿ?” ಅಂದ್ರು ಅಮ್ಮ. ಆಮೇಲೆ ಗಂಡನ ಕಥೆ ಹೇಳಿದ್ರು.

ಸಾಹೇಬ್ರು ಬೂಟು ಬಿಚ್ಚಿ, “ನನಗೂ ಒಂದು ಹಿಡಿ ಕೊಡ್ರಿ” ಅಂತ ಕೈ ಒಡ್ಡಿದ್ರು.

“ಕೊಡ್ತೀನಿ, ಮುಂದಕ್ಕೆ ಬರ್ರಿ ಸಾಹೇಬ್ರೆ. ಹಿಂದೆ ನಿಲ್ಲಬ್ಯಾಡ್ರಿ, ಒದೀತದೆ. ನಮ್ಮನೆಯವ್ರು ಯಾವಾಗ್ಲೂ ಹೇಳೋರು.”

ಸಾಹೇಬ್ರು ಥಟ್ಟನೆ ಪಕ್ಕಕ್ಕೆ ಸರಿದ್ರು. ಇಪ್ಪತ್ತು ವರ್ಷದಿಂದ ಆ ಬಾಲ ತಿಕ್ಕಿ ತೊಳೆಯೋ ನಾನೂ ಸರಿದೆ.