ಮಾಮಾನ ಟರ್ಬೊ ಮತ್ತು ಮಾಮಿಯ ಹೊಟ್ಟೆ

ಇಡೀ ದಾಂಡೇಲಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡಬಲ್ಲ ಕಾರು ನಮ್ಮ ಮಾಮಾನದು. ಅದನ್ನು ಎಲ್ಲರಿಗಿಂತ ನಿಧಾನವಾಗಿ ಓಡಿಸುವ ಮನುಷ್ಯನೂ ನಮ್ಮ ಮಾಮಾನೇ! ಟರ್ಬೊ ಎಂಜಿನ್ನು, ಅಗಲವಾದ ಟೈರು, ಹಿಂದೆ ಎರಡು ಸೈಲೆನ್ಸರು. ಇಷ್ಟೆಲ್ಲ ಇಟ್ಟುಕೊಂಡು ಅವರು ಹಳಿಯಾಳ ರಸ್ತೆಗೆ ಇಳಿದರೆ ಕಬ್ಬು ತುಂಬಿದ ಟ್ರ್ಯಾಕ್ಟರಿನವರು ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ. ಮಾಮಾನಿಗೆ ಹುಚ್ಚು ಎನ್ನುವವರಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಅವರು ನನ್ನ ತಾಯಿಯ ತಮ್ಮ, ರಕ್ತಸಂಬಂಧ. ನಾಳೆ ನನ್ನ ಮೇಲೂ ಬಂದೀತು.

ಎಂಜಿನ್ನಿಗಿಂತ ಮೊದಲು ಮಾಮಿಯ ಹೊಟ್ಟೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಾಮಿಗೆ ಗಾಡಿ ಹತ್ತಿದರೆ ವಾಂತಿ. ಬಸ್ಸು, ಜೀಪು, ಕಾರು ಎಂಬ ಭೇದವಿಲ್ಲ. ಅವರ ಅಕ್ಕ ಇರುವುದು ಗೋವಾದ ಫೋಂಡಾದಲ್ಲಿ. ನಡುವೆ ರಾಮನಗರ, ಅನಮೋಡ, ಆಮೇಲೆ ಘಾಟು. ಆ ಅಕ್ಕನಿಗೂ ಇದೇ ಕಾಯಿಲೆ! ಅಕ್ಕ ಘಾಟು ಹತ್ತುವುದಿಲ್ಲ, ತಂಗಿ ಘಾಟು ಇಳಿಯುವುದಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ವರ್ಷವಾಯಿತು ಎಂದರೆ ಮಾಮಾ ಒಂದು ಲೆಕ್ಕ ಹೇಳುತ್ತಾರೆ, ಮಾಮಿ ಇನ್ನೊಂದು. ಮಾಮಿಯದು ಯಾವಾಗಲೂ ಹೆಚ್ಚು.

ರೈಲಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಒಮ್ಮೆ ಹೋಗಿದ್ದರು. ದೂಧಸಾಗರ ಬಂದಾಗ ಡಬ್ಬಿಯ ಜನರೆಲ್ಲ ಜಲಪಾತದ ಕಡೆಯ ಕಿಟಕಿಗೆ ಮುಗಿಬಿದ್ದರೆ, ಮಾಮಿ ಒಬ್ಬರೇ ಆಚೆ ಕಡೆಯ ಕಿಟಕಿಯಲ್ಲಿ ತಮ್ಮ ಕೆಲಸದಲ್ಲಿದ್ದರಂತೆ. ಗುಳಿಗೆ? ಅದನ್ನೂ ನೋಡಿದ್ದಾಯಿತು. ಗುಳಿಗೆ ನುಂಗಿ ಅಕ್ಕನ ಮನೆ ಮುಟ್ಟಿದವರು ಅಲ್ಲಿದ್ದಷ್ಟು ಹೊತ್ತೂ ನಿದ್ದೆ ಮಾಡಿ, ಹೊರಡುವಾಗ ಎದ್ದರು.

ಫೋನಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಕ್ಕತಂಗಿ ಮಾತಾಡುತ್ತಿದ್ದರು. ಆದರೆ ಅಕ್ಕನ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂತು. ಮಾಮಿ ಹಿತ್ತಲಲ್ಲಿ ನಿಂತು ಒದರುತ್ತಿದ್ದರು. ವಿಷಯ ಇಡೀ ಓಣಿಗೆ ತಿಳಿಯುತ್ತಿತ್ತು, ಅಕ್ಕ ಒಬ್ಬರನ್ನು ಬಿಟ್ಟು. ವಿಡಿಯೊ ಕಾಲ್ ಮಾಡಿದರೆ ಅಕ್ಕ ಹಳೇ ರೂಢಿಯಂತೆ ಫೋನನ್ನು ಕಿವಿಗೇ ಹಿಡಿಯುತ್ತಿದ್ದರು. ಮಾಮಿಗೆ ಅರ್ಧ ತಾಸು ಅಕ್ಕನ ಬೆಂಡೋಲೆಯ ದರ್ಶನ!

ಒಂದು ದಿನ ಮಾಮಿ ಫೋನು ಇಟ್ಟು ಬಂದು ಮಾಮಾನಿಗೆ ಹೇಳಿದರು: "ಇನ್ನ ಫೋನ್ ಸಾಕ್ರಿ. ಎದುರಿಗೆ ಕುಂತು ಮಾರಿ ನೋಡಿದ್ರಷ್ಟ ಆಕಿಗೆ ಮಾತು ತಿಳೀತಾವು. ಒಮ್ಮೆ ಹೋಗಬೇಕು ನಾ."

ಅಂದಿನಿಂದ ಮಾಮಾ ಎಂಜಿನಿಯರಾದರು.

ಅವರು ಕೆಲಸದ ಮೇಲೆ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದವರು. ನಿವೃತ್ತಿಯವರೆಗೆ ಕಾಗದದ ಮಿಲ್ಲಿನಲ್ಲಿ ರೀಲು ಸುತ್ತುವ ಯಂತ್ರದ ಮುಂದೆ ನಿಂತಿದ್ದರು. ಕೋಣೆಯಷ್ಟು ಅಗಲದ ಕಾಗದ ಭರ್ರೆಂದು ಬಂದು ರೀಲಿಗೆ ಸುತ್ತಿಕೊಳ್ಳುವಾಗ ಎಳೆತ ಒಂದೇ ಸಮನೆ ಇರಬೇಕಂತೆ. ಸ್ವಲ್ಪ ಜಗ್ಗಿದರೂ ಕಾಗದ ಫಟ್. ಮಾಮಾನಿಗೆ ಜಗತ್ತೆಲ್ಲ ಇದೇ ಯಂತ್ರ. ಮದುವೆಯ ಊಟ ಬಡಿಸುವವನು ಒಮ್ಮೆಗೇ ಅನ್ನ ಸುರಿದರೂ ಅವರು "ಜರ್ಕ್ ಹೊಡೀಬ್ಯಾಡೋ" ಎನ್ನುತ್ತಾರೆ.

ಹೀಗಾಗಿ ಅವರ ತರ್ಕ ಹೀಗೆ ಸಾಗಿತು. ವಾಂತಿಗೆ ಕಾರಣ ಜರ್ಕು. ಜರ್ಕಿಗೆ ಕಾರಣ ಮತ್ತೆಮತ್ತೆ ಗೇರು ಬದಲಿಸುವುದು. ಗೇರು ಬದಲಿಸಲು ಕಾರಣ ಎಂಜಿನ್ನಿಗೆ ದಮ್ಮಿಲ್ಲದಿರುವುದು. ಆದ್ದರಿಂದ ಹೆಂಡತಿಯ ವಾಂತಿ ನಿಲ್ಲಿಸಲು ಬೇಕಾದದ್ದು ಒಂದು ರೇಸಿಂಗ್ ಕಾರು! ಇದರಲ್ಲಿ ಎಲ್ಲಿ ತಪ್ಪಿದೆ ಎಂದು ನನ್ನನ್ನು ಕೇಳಿದರು. ನನಗೆ ಹೊಳೆಯಲಿಲ್ಲ. ಬೆಳಗಾವಿಯಿಂದ ಹಳೆಯ ಟರ್ಬೊ ಕಾರು ಬಂತು.

ಟರ್ಬೊ ಎಂದರೇನು ಎಂದು ಆಮೇಲೆ ಗೊತ್ತಾಯಿತು. ಕಾಲು ಒತ್ತಿದರೆ ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತು ಏನೇನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ! ಮೊದಲ ದಿನ ಮಾಮಿ ಕೈಯಲ್ಲಿ ಲಿಂಬೆಹಣ್ಣು ಹಿಡಿದು ಮೂಸುತ್ತ ಕೂತರು. ಊರು ದಾಟುವ ಮೊದಲೇ "ನಿಲ್ಲಸ್ರಿ" ಎಂದರು.

ಸಾಫ್ಟ್‌ವೇರಿನ ಗುಂಗು ಹತ್ತಿಸಿದವರು ಪ್ರವಾಸಿಗರು. ಮೌಳಂಗಿಯ ಹೊಳೆದಂಡೆಗೆ ಬಂದಿದ್ದ ಬೆಂಗಳೂರಿನ ಹುಡುಗರು ಮಾಮಾನ ಕಾರು ಕಂಡು ಸುತ್ತುವರಿದರಂತೆ. ಕಾರಿನ ಒಳಗೊಂದು ಪುಟ್ಟ ಕಂಪ್ಯೂಟರು ಇರುತ್ತದೆ, ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂದು ಎಂಜಿನ್ನಿಗೆ ಹುಕುಂ ಕೊಡುವ ಮುಕಾದಮ ಅದೇ, ಅದರ ಸಾಫ್ಟ್‌ವೇರ್ ಬದಲಿಸಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ ಎಂದು ತಿಳಿಸಿದರು. ಹೆಂಡತಿಯ ಸ್ವಭಾವ ಬದಲಿಸಲಾಗದ ಮನುಷ್ಯನಿಗೆ ಇದು ಎಂಥ ಸುದ್ದಿ!

ಮಾರನೇ ದಿನದಿಂದ ಮಾಮಾ ಫೋನು ಹಿಡಿದರು. ಹುಬ್ಬಳ್ಳಿ, ಪುಣೆ, ಕೊಯಿಮತ್ತೂರು, ಎಲ್ಲೆಲ್ಲಿ ಇಂಥ ಸಾಫ್ಟ್‌ವೇರ್ ಮಾರುವವರಿದ್ದಾರೋ ಅವರಿಗೆಲ್ಲ ಕರೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಹಾರ್ಸ್‌ಪವರ್ ಬೇಕು?

"ಎಷ್ಟರ ಇರಲಿ. ಗೊತ್ತಾಗಬಾರದು" ಎನ್ನುತ್ತಿದ್ದರು ಮಾಮಾ.

ಜನ ವೇಗ ಗೊತ್ತಾಗಲೆಂದೇ ಸಾಫ್ಟ್‌ವೇರ್ ಹಾಕಿಸುತ್ತಾರೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಹುಬ್ಬಳ್ಳಿಯವನು ಹೆಮ್ಮೆಯಿಂದ ಹೇಳಹೊರಟರೆ ಮಾಮಾ ತಡೆದರು: "ಅದೆಲ್ಲ ಬಿಡಪಾ. ಮನಿಯಿಂದ ಜಗಲಬೇಟಕ್ಕ ಹೊಟ್ಟಿ ತೊಳಸಲಾರದಂಗ ಹೋಗ್ತೈತೇನ ಹೇಳು."

ಕೊನೆಗೆ ಒಂದು ಪುಟ್ಟ ಡಬ್ಬಿ ತರಿಸಿದರು. ಸ್ಟಿಯರಿಂಗಿನ ಕೆಳಗೆ ಅದನ್ನು ಸಿಕ್ಕಿಸಿ ಬೇಕಾದ ಸಾಫ್ಟ್‌ವೇರ್ ತುಂಬಬಹುದು. ಬೇಡವಾದರೆ ತೆಗೆದು ಮೊದಲಿನದನ್ನೇ ಹಾಕಬಹುದು. ಮೊದಲು ತುಂಬಿದ್ದು ಹುಬ್ಬಳ್ಳಿಯದೋ ಪುಣೆಯದೋ? ನನಗೆ ಹುಬ್ಬಳ್ಳಿಯದು ಎಂದು ನೆನಪು, ಮಾಮಾ ಪುಣೆಯದು ಎನ್ನುತ್ತಾರೆ. ನಡೆದದ್ದನ್ನು ಸಾಲಾಗಿ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ಅಷ್ಟಕ್ಕೇ ನನಗೆ ಅದರ ಮೇಲೆ ಸಂಶಯ. ಪ್ರತಿ ಸಲವೂ ಪೂಜೆ ಆಗುತ್ತಿತ್ತು ಎಂಬುದು ಮಾತ್ರ ಖಂಡಿತ. ಸಾಫ್ಟ್‌ವೇರ್ ಬದಲಾದರೆ ಕಾರೇ ಹೊಸದು ಎಂಬುದು ಮಾಮಾನ ವಾದ. ಹೊಸ ಕಾರಿಗೆ ಮಾಡುವಂತೆ ವಿಭೂತಿ ಹಚ್ಚಿ, ಕಾಯಿ ಒಡೆದು, ನಾಲ್ಕೂ ಚಕ್ರದಡಿ ಲಿಂಬೆಹಣ್ಣು ಇಟ್ಟು ಹರಿಸುತ್ತಿದ್ದರು. ಇವರಿಗೆ ತಿಂಗಳಿಗೊಂದು ಕಾರು ಎಲ್ಲಿಂದ ಬರುತ್ತದೆ, ಎಲ್ಲವೂ ಒಂದೇ ನಂಬರಿನವು ಏಕೆ ಎಂದು ಓಣಿಗೆ ಹೊಸದಾಗಿ ಬಂದವರೊಬ್ಬರು ನನ್ನನ್ನು ಗುಟ್ಟಾಗಿ ಕೇಳಿದ್ದರು.

ಪರೀಕ್ಷೆಯ ಯಂತ್ರವೂ ಲಿಂಬೆಹಣ್ಣೇ. ಮಾಮಿ ಸಂಕಟವಾದಾಗ ಕೈಯಲ್ಲಿದ್ದ ಹಣ್ಣಿಗೆ ಉಗುರು ಒತ್ತುತ್ತಾರೆ. ಪ್ರತಿ ಸವಾರಿಯಾದ ಮೇಲೆ ಮಾಮಾ ಕನ್ನಡಕ ಏರಿಸಿ ಹಣ್ಣಿನ ಮೇಲಿನ ಉಗುರಿನ ಗುರುತು ನೋಡುತ್ತಿದ್ದರು. ಗುರುತು ಕಡಿಮೆಯಾದಷ್ಟು ಸಾಫ್ಟ್‌ವೇರ್ ಒಳ್ಳೆಯದು. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಒಣಗಿದ ಹಣ್ಣುಗಳು, ಒಂದೊಂದರ ಕೆಳಗೆ ಒಂದೊಂದು ಕಂಪನಿಯ ಹೆಸರು! ಪುಣೆಯ ಒಂದು ಹಣ್ಣು ನುಣ್ಣಗೆ ಇತ್ತು. ಮಾಮಾ ಹಿಗ್ಗಿ ಹೀರೇಕಾಯಿಯಾದರು. ಅದು ಹಣ್ಣು ಹಿಡಿದುಕೊಳ್ಳುವಷ್ಟೂ ಪುರಸೊತ್ತು ಸಿಗದ ಸವಾರಿ ಎಂದು ಮಾಮಿ ಆಮೇಲೆ ತಿಳಿಸಿದರು.

ಕಡೆಗೆ ಎರಡು ಸಾಫ್ಟ್‌ವೇರ್ ಉಳಿದವು. ಯಾವುದನ್ನು ಇಟ್ಟುಕೊಳ್ಳುವುದು? ಜೋಯಿಡಾ ಕಡೆಯ ಹಳ್ಳಿಯ ಗುಡಿಯೊಂದರಲ್ಲಿ ದೇವರಿಗೆ ಪ್ರಸಾದ ಕೇಳುವ ಪದ್ಧತಿಯಿದೆ. ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳನ್ನು ನೀರಿನಿಂದ ಅಂಟಿಸುತ್ತಾರೆ; ಮೊದಲು ಯಾವ ಕಡೆಯದು ಬೀಳುತ್ತದೋ ಅದೇ ಉತ್ತರ. ಮಾಮಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮಾಮಿ ಆ ದಿನ ಹೇಗೆ ಬಂದರು ಎಂಬುದನ್ನು ಬರೆಯುವುದಿಲ್ಲ. ಮಗಳ ಮದುವೆ, ಬಾವಿ ತೋಡುವುದು, ಕಳೆದುಹೋದ ಎಮ್ಮೆ ಮುಂತಾದ ಪ್ರಶ್ನೆಗಳನ್ನು ಕೇಳಿ ರೂಢಿಯಿದ್ದ ಪೂಜಾರಿ, ಎಡಕ್ಕೆ ಪುಣೆ, ಬಲಕ್ಕೆ ಕೊಯಿಮತ್ತೂರು ಎಂದು ಕೊಂಕಣಿಯಲ್ಲಿ ಬಹಳ ಗಂಭೀರವಾಗಿ ದೇವರಿಗೆ ಅರಿಕೆ ಮಾಡಿಕೊಂಡ. ನಾವು ಕೈಮುಗಿದು ನಿಂತೆವು. ಎರಡೂ ಎಸಳು ಒಟ್ಟಿಗೇ ಬಿದ್ದವು!

ಎರಡೂ ಒಳ್ಳೆಯವೆಂದು ಅರ್ಥ ಎಂದು ಮಾಮಾ ಸಮಾಧಾನಪಟ್ಟರು.

"ಎರಡೂ ಬ್ಯಾಡ ಅಂತ ನಾನಽ ಹೇಳ್ತಿದ್ನೆಲ್ಲರಿ," ಎಂದರು ಮಾಮಿ ಗುಡಿಯ ಕಟ್ಟೆಗೆ ಒರಗಿ. "ಇಷ್ಟಕ್ಕ ದೇವರಿಗ್ಯಾಕ ತ್ರಾಸ ಕೊಟ್ರಿ?"

ಪುಣೆಯವನಿಗೆ ಮತ್ತೆ ಫೋನು ಹೋಯಿತು. ಅವನು ತಾಳ್ಮೆಯ ಮನುಷ್ಯ. ಲ್ಯಾಪ್‌ಟಾಪ್ ಹಚ್ಚಿಕೊಂಡು ರಾಮನಗರದಿಂದ ಅನಮೋಡದವರೆಗೆ ಓಡಿಸಿ, ಎಂಜಿನ್ನಿನ ಎಳೆತದ ಗೆರೆ ಅದರಲ್ಲಿ ದಾಖಲಾಗುತ್ತದೆ, ಅದನ್ನು ಕಳಿಸಿ, ಎಲ್ಲಿ ಜಗ್ಗುತ್ತದೆಯೋ ಅಲ್ಲಿ ಸರಿಮಾಡುತ್ತೇನೆ ಎಂದ. ಓಡುವಾಗ ಗೆರೆ ನೋಡುವ ಅಗತ್ಯವಿಲ್ಲ ಎಂದೂ ಹೇಳಿದ. ಮಾಮಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಸುತ್ತುತ್ತಿರುವ ರೀಲಿನಿಂದ ಕಣ್ಣು ತೆಗೆಯುವುದೆಂದರೇನು!

ಆದರೆ ಗೆರೆ ನೋಡುತ್ತ ಕಾರು ಓಡಿಸುವುದು ಹೇಗೆ? ನನಗೆ ಡ್ರೈವಿಂಗ್ ಬರುವುದಿಲ್ಲ. ಉಳಿದವರು ಮಾಮಿ. ಮಾಮಿಗೆ ಬರುತ್ತದೆ ಎಂಬುದೇ ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಮೊದಲ ಕಾರು ತಂದಾಗ ಇಬ್ಬರೂ ಒಟ್ಟಿಗೆ ಕಲಿತಿದ್ದರಂತೆ. ಲೈಸನ್ಸಿನ ಪರೀಕ್ಷೆಯಲ್ಲಿ ಮಾಮಿ ಮೊದಲ ಸಲಕ್ಕೇ ಪಾಸು, ಮಾಮಾ ಫೇಲು. ಎರಡನೆಯ ಸಲ ಪಾಸಾದ ಮೇಲೆ ಮಾಮಾ ಸ್ಟಿಯರಿಂಗನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ರಾಮನಗರದವರೆಗೆ ಮಾಮಾನೇ ಓಡಿಸಿದರು. ನಡುವೆ ಎರಡು ಕಡೆ ಮಾಮಿಗಾಗಿ ನಿಲ್ಲಿಸಿದೆವು. ಅಲ್ಲಿಂದ ಜಾಗ ಅದಲುಬದಲಾಯಿತು. ಮಾಮಿ ಸೆರಗು ಸಿಕ್ಕಿಸಿ, ಸೀಟು ಮುಂದೆ ಎಳೆದುಕೊಂಡು, ಕನ್ನಡಿ ತಿರುಗಿಸಿಕೊಂಡರು. ಮಾಮಾ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹಿಂದೆ.

ಕಾಡಿನ ರಸ್ತೆ, ಒಂದರ ಹಿಂದೊಂದು ತಿರುವು. ಮಾಮಿ ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸುತ್ತಿದ್ದರು. ಇಲ್ಲಿ ಮಳೆ ಬಂತು ಎಂದು ಬರೆಯಬೇಕೆನಿಸುತ್ತದೆ. ಬರಲಿಲ್ಲ, ಸುಮ್ಮನೆ ಬಿಸಿಲಿತ್ತು. "ಗೆರಿ ಹೆಂಗ ಬಂದೈತಿ ನೋಡೋ ಅಳ್ಯಾ, ಒಂದಽ ಸಮ!" ಎಂದು ಮಾಮಾ ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ. ನಾನು ಮುಂದಕ್ಕೆ ಬಾಗಿ ನೋಡಿದೆ. ಮುಖ ಬೆಳ್ಳಗಾಗಿತ್ತು, ಹಣೆಯ ಮೇಲೆ ಬೆವರು. ಅನಮೋಡಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಮಾಮಾ ಲ್ಯಾಪ್‌ಟಾಪನ್ನು ನನ್ನ ಕಡೆ ಎಸೆದರು.

"ನಿಲ್ಲಸು."

ನನಗೆ ನಗು ತಡೆಯಲಾಗಲಿಲ್ಲ. ಜೀವಮಾನದಲ್ಲಿ ಎಂದೂ ವಾಂತಿ ಮಾಡಿಕೊಳ್ಳದ ಮಾಮಾ ರಸ್ತೆಯ ಬದಿಯಲ್ಲಿ ಮಂಡಿ ಹಿಡಿದು ಬಾಗಿದ್ದರು! ಮಾಮಿ ಇಳಿದು ಹೋದರು. ಅವರ ಮುಖ ಕೆಂಪಗೆ, ಆರಾಮವಾಗಿತ್ತು. ಸ್ಟಿಯರಿಂಗ್ ಹಿಡಿದ ಮೇಲೆ, ರಾಮನಗರದಿಂದ ಇಲ್ಲಿಯವರೆಗೆ, ತಮಗೆ ಏನೂ ಆಗಿಲ್ಲವೆಂಬುದು ಅವರಿಗೆ ಆಗಲೇ ಹೊಳೆದದ್ದಿರಬೇಕು. ಒಂದು ಕೈಯಲ್ಲಿ ಮಾಮಾನ ಹಣೆ ಹಿಡಿದು, ಇನ್ನೊಂದರಿಂದ ಬೆನ್ನು ನೀವಿದರು. ಬಹಳ ಹೊತ್ತು.

ಮಾಮಾ ತಲೆ ಎತ್ತಲಿಲ್ಲ. ಬಾಗಿದಲ್ಲಿಂದಲೇ ಕೇಳಿದರು: "ನಿನಗ ಪ್ರತಿ ಸಲ ಹಿಂಗಽ ಆಕ್ಕಿತ್ತೇನ?"

ಈ ಪ್ರಶ್ನೆಯನ್ನು ಮಾಮಾ ಈಗ ಒಪ್ಪುವುದಿಲ್ಲ, ತಾವು ಕೇಳಿದ್ದು ನೀರು ಎನ್ನುತ್ತಾರೆ. ಆದರೆ ಕಾರಿನ ಬಾಗಿಲು ತೆರೆದಿತ್ತು, ನಾನು ನಗುವುದನ್ನು ನಿಲ್ಲಿಸಿದ್ದೆ, ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹೂಂ," ಎಂದರು ಮಾಮಿ. "ಏಳ್ರಿ. ಸಾವಕಾಶ."

ಮತ್ತೆ ಹೊರಟೆವು. ಅನಮೋಡದಲ್ಲಿ ಹಿಂದಕ್ಕೆ ತಿರುಗಬೇಕಿತ್ತು, ಒಪ್ಪಂದ ಅದೇ. ಚೆಕ್‌ಪೋಸ್ಟು ಬಂತು, ಹೋಯಿತು. ಮಾಮಾ ಕಣ್ಣು ಮುಚ್ಚಿಕೊಂಡೇ ಎಲ್ಲಿಗೆ ಹೊರಟಿದ್ದೇವೆಂದು ಕೇಳಿದರು. ಅಕ್ಕನ ಮನೆಗೆ ಎಂದರು ಮಾಮಿ, ಸಂತೆಗೆ ಎಂದ ಹಾಗೆ. ಘಾಟಿನಲ್ಲಿ ಎದುರಿನಿಂದ ಲಾರಿಗಳು ಏರಿ ಬರುತ್ತಿದ್ದವು. ಮಾಮಿ ಎರಡನೇ ಗೇರಿನಲ್ಲಿ ಒಂದೊಂದೇ ತಿರುವು ಇಳಿಸಿದರು. ಪೂರ್ತಿ ತಿರುಗಿಸಬೇಕಾದ ಕಡೆಗಳಲ್ಲೆಲ್ಲ ಮೊದಲೇ "ಎಡಕ್ಕ," "ಈಗ ಬಲಕ್ಕ" ಎಂದು ಮಾಮಾನಿಗೆ ಹೇಳುತ್ತಿದ್ದರು. ಮಾಮಾ ಆಯಾ ಕಡೆಗೆ ವಾಲುತ್ತಿದ್ದರು, ಮಗುವಿನ ಹಾಗೆ.

ಫೋಂಡಾದಲ್ಲಿ ಅಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಬೆನ್ನು ನಮ್ಮ ಕಡೆಗಿತ್ತು. ಕಾರಿನ ಸದ್ದು ಅವರಿಗೆ ಕೇಳಿಸಲಿಲ್ಲ. ಮಾಮಿ ಗೇಟು ತೆಗೆದು ಹೋದರು. ಅಕ್ಕ ತಂತಿಗೆ ಹಾಕುತ್ತಿದ್ದ ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದು ಎಳೆದರು. ಅಕ್ಕ ತಿರುಗಿದರು. ತಿರುಗಿ ನೋಡಿದರು. ಇಬ್ಬರೂ ಸೀರೆಯ ಆ ತುದಿ ಈ ತುದಿ ಹಿಡಿದುಕೊಂಡು ಹಾಗೇ ನಿಂತರು.

ಮಾಮಾ ಕಾರಿನಲ್ಲೇ ಕೂತಿದ್ದರು. ಮುಖಕ್ಕೆ ಬಣ್ಣ ಬಂದಿತ್ತು. ಇಳಿಯಿರಿ ಮಾಮಾ, ಒಳಗೆ ಹೋಗೋಣ ಎಂದು ನಾನು ಬಾಗಿಲು ತೆಗೆದೆ.

"ತಡಿಯೋ," ಎಂದರು. "ಅವರ ಮಾತು ಮುಗೀಲಿ."

ಅವರಿಬ್ಬರೂ ಇನ್ನೂ ಒಂದು ಮಾತೂ ಆಡಿರಲಿಲ್ಲ.