ಬಟನ್ ಎಂಬ ನಾಯಿಯನ್ನು ಹಿಮದಲ್ಲಿ ಬಿಟ್ಟುಹೋದ ಸಂಕ್ಷೇಪಕಾರರಿಗೆ

ಮಾನ್ಯರೇ,

ಇಂಗ್ಲಿಷ್ ಅರ್ಥಗ್ರಹಣದ ಅಭ್ಯಾಸಪತ್ರಿಕೆಗಳಲ್ಲಿ ಪ್ರತಿ ಗದ್ಯದ ಬುಡಕ್ಕೂ, ಇರುವೆ ಕೂಡ ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ 'ಸಂಕ್ಷೇಪಿಸಿ ಮಾರ್ಪಡಿಸಲಾಗಿದೆ' ಎಂದು ಅಚ್ಚಾಗುತ್ತದಲ್ಲ, ಆ ಎರಡು ಪದಗಳ ಹಿಂದೆ ಕುಳಿತು, ಹೆಸರಿನ ಆಸೆಯಿಲ್ಲದೆ, ಕತ್ತರಿಯೊಂದನ್ನೇ ಕಾಯಕವೆಂದು ನಂಬಿ ದುಡಿಯುತ್ತಿರುವ ತಮಗೆ, ಹೈಸ್ಕೂಲಿನ ಹಿಂಬದಿ ಓಣಿಯ ಹೌ ಅಕ್ಕನವರ ಬಾಡಿಗೆ ಕಟ್ಟಡದ ಸಮಸ್ತ ನಿವಾಸಿಗಳ ಪರವಾಗಿ ಗೆಂಗ್ ಷಿಲಿನ್ ಎಂಬ ನಾನು ಸೊಂಟ ಬಗ್ಗುವಷ್ಟೂ ಬಗ್ಗಿಸಿ ಮಾಡುವ ನಮಸ್ಕಾರಗಳು. ತಮ್ಮ ಕತ್ತರಿ ಸದಾ ಚೂಪಾಗಿರಲಿ. ತಮ್ಮ ಮನೆಯಲ್ಲಿ ಮಾತ್ರ ಯಾರೂ ತಮಗೆ ಕಥೆಯನ್ನು ಅರ್ಧ ಹೇಳಿ ಮಲಗದಿರಲಿ.

ಮೊದಲಿಗೆ ನನ್ನ ಪರಿಚಯ. ನನ್ನ ಮಗಳು ಯಾನ್‌ಯಾನ್ ಶಾಲೆ ಮುಗಿಸುವವರೆಲ್ಲ ಬರೆಯುವ ಮಹಾಪರೀಕ್ಷೆಯಲ್ಲಿ ಕಳೆದ ವರ್ಷ ಪಶುವೈದ್ಯ ಕಾಲೇಜಿನ ಬಾಗಿಲ ತನಕ ಹೋಗಿ, ಇಂಗ್ಲಿಷ್ ಎಂಬ ಹೊಸ್ತಿಲು ಎಡವಿ, ಅಲ್ಲಿಂದಲೇ ಹಿಂದಿರುಗಿದವಳು. ಹೀಗಾಗಿ ಈ ವರ್ಷ ಮತ್ತೆ ಅದೇ ತರಗತಿ, ಅದೇ ಬೆಂಚು. 'ಈ ಸಲಾನೂ ಆಗ್ಲಿಲ್ಲ ಅಂದ್ರೆ ಮೂರನೇ ಸಲ ಕೂರಲ್ಲಪ್ಪ, ಅಮ್ಮನ ಅಂಗಡೀಲಿ ನಲ್ಲಿ ಮಾರ್ಕೊಂಡಿರ್ತೀನಿ' ಎಂದು ಅವಳು ಮೊದಲೇ ಘೋಷಿಸಿಬಿಟ್ಟಿದ್ದಳು. ನಲ್ಲಿ-ಪೈಪುಗಳ ಆ ಅಂಗಡಿಯನ್ನು ಬಿಟ್ಟು ನನ್ನ ಹೆಂಡತಿ ಬರುವಂತಿರಲಿಲ್ಲವಾಗಿ, ಸಾಂಸ್ಕೃತಿಕ ಕೇಂದ್ರದ ಕೆಲಸದಿಂದ ನಿವೃತ್ತನಾದ ನಾನೇ ಶಾಲೆಯ ಬಳಿ ಕೋಣೆ ಹಿಡಿದು ಮಗಳಿಗೆ ಬೇಯಿಸಿ ಹಾಕಲು ಬಂದೆ. ಈ ಓಣಿಯಲ್ಲಿ ಹೀಗೆ ಮಕ್ಕಳ ಓದಿನ ಬೆನ್ನಿಗೆ ಸೌಟು ಹಿಡಿದು ಬಂದವರೆಲ್ಲ ತಾಯಂದಿರು. ಆದ್ದರಿಂದ ನಾನು ಈ ಕಟ್ಟಡದ ಏಕೈಕ ಗಂಡು ತಾಯಿ.

ಇನ್ನು ವಿಷಯಕ್ಕೆ ಬರುತ್ತೇನೆ. ವಸಂತದಲ್ಲಿ ನಡೆದ ಅಣಕು ಪರೀಕ್ಷೆಯ ಮೂರನೆಯ ಗದ್ಯವನ್ನು ತಾವು ಮರೆತಿರಬಹುದು, ಕಡಿದವನಿಗೆ ಕೊಂಬೆಯ ನೆನಪಿರುವುದಿಲ್ಲ. ಆಲ್ಬಿ ಎಂಬ ಮುದಿ ಕುರಿಗಾಹಿ. ಅವನಿಗೆ ಬಟನ್ ಎಂಬ ನಾಯಿ. ಒಂದು ಹಿಮಬಿರುಗಾಳಿಯ ಸಂಜೆ ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕಿಕೊಂಡು ಬಟನ್ ಉತ್ತರದ ಬೆಟ್ಟದ ಕಡೆ ಓಡುತ್ತದೆ. ಮುದುಕ ಕಾಯುತ್ತಾನೆ, ಕಂದೀಲು ಹಚ್ಚುತ್ತಾನೆ, ಕೊನೆಗೆ ಬಾಗಿಲು ತೆರೆದು ನಿಲ್ಲುತ್ತಾನೆ. 'ಆಗ ಅವನಿಗೆ ಏನೋ ಸದ್ದು ಕೇಳಿಸಿತು.' ಅಷ್ಟೇ. ಅಲ್ಲಿಗೆ ತಮ್ಮ ಕತ್ತರಿ ಬಂದಿತು. ಕೆಳಗೆ ನಾಲ್ಕು ಪ್ರಶ್ನೆಗಳು: ಅಡಿಗೆರೆ ಎಳೆದ ಪದದ ಅರ್ಥವೇನು, ಮುದುಕನ ಸ್ವಭಾವ ಎಂಥದು, ಲೇಖಕರ ಉದ್ದೇಶವೇನು, ಸೂಕ್ತ ಶೀರ್ಷಿಕೆ ಯಾವುದು. ನಾಯಿ ಬಂತೇ ಎಂಬ ಏಕೈಕ ಪ್ರಶ್ನೆಯನ್ನು ಮಾತ್ರ ತಾವು ಕೇಳಲಿಲ್ಲ. ಬಟನ್ ಉತ್ತರಕ್ಕೆ ಹೋಯಿತು ಎಂಬುದನ್ನು ಬಿಟ್ಟರೆ ನಮಗೆ ಇಂದಿನವರೆಗೂ ಬೇರೆ ಉತ್ತರ ಸಿಕ್ಕಿಲ್ಲ.

ಆ ಸದ್ದು ಯಾವುದಿರಬಹುದೆಂದು ಯೋಚಿಸುತ್ತ ನನ್ನ ಮಗಳು ಗಂಟೆ ಬಾರಿಸುವವರೆಗೂ ಕುಳಿತುಬಿಟ್ಟಳು. ನಾಲ್ಕನೆಯ ಗದ್ಯವನ್ನು ಅವಳು ನೋಡಲೇ ಇಲ್ಲ. ಉತ್ತರದ ಹಾಳೆ ಆ ಹಿಮದ ಬಯಲಿನಷ್ಟೇ ಬೆಳ್ಳಗಿತ್ತು. ಚಂದ್ರನಿಗೆ ಗ್ರಹಣ ಹಿಡಿಯುವುದು ಆಕಾಶದ ನಾಯಿ ಬಂದು ಅವನನ್ನು ನುಂಗಿದಾಗ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ತಾಂಬಾಳ ಬಡಿದು ಅದನ್ನು ಓಡಿಸುತ್ತಿದ್ದಳು. ಅರ್ಥಗ್ರಹಣಕ್ಕೂ ನಾಯಿಯೇ ಕಾರಣವಾಗಬಹುದೆಂದು ಆ ತಾಯಿಗೂ ಗೊತ್ತಿರಲಿಕ್ಕಿಲ್ಲ. ಬಟನ್‌ನ ಪಾಡು ಏನಾಯಿತೆಂದು ತಾವು ಹೇಳಲಿಲ್ಲ, ನಮ್ಮದಂತೂ ನಾಯಿಪಾಡಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರಲಿಲ್ಲ. ತಮಗೆ ತಿಳಿದಿರುವಂತೆ ಈ ಪರೀಕ್ಷೆಯ ಕೊನೆಗೆ 'ಮುಂದುವರಿಸಿ ಬರೆಯಿರಿ' ಎಂಬ ಭಾಗವಿದೆ. ಅಲ್ಲಿಯೂ ಅರ್ಧ ಕಥೆಯೇ, ಆದರೆ ಉಳಿದರ್ಧವನ್ನು ಮಕ್ಕಳೇ ಬರೆಯಬೇಕು. (ತಾವು ಕತ್ತರಿಸಿದ್ದನ್ನು ಹೊಲಿಯಲು ದೇಶದ ಮಕ್ಕಳನ್ನೆಲ್ಲ ದರ್ಜಿಗಳನ್ನಾಗಿ ಮಾಡಿದ ದೂರದೃಷ್ಟಿಗೆ ನನ್ನ ಇನ್ನೊಂದು ನಮಸ್ಕಾರ.) ಇದಕ್ಕೆ ನಮ್ಮ ಶಾಲೆಗಳಲ್ಲಿ ಗಟ್ಟಿ ಮಾಡಿಸಿದ ಪಾಕವಿದೆ: ಒಂದು ಅಳು, ಒಂದು ಅಪ್ಪುಗೆ, ಕೊನೆಯ ಸಾಲಿನಲ್ಲಿ ಎಲ್ಲರ ಮುಖದ ಮೇಲೂ ಹೊಂಬಿಸಿಲು. ನನ್ನ ಮಗಳು ಆ ಪಾಕಕ್ಕೆ ನಾಯಿ ಸೇರಿಸತೊಡಗಿದಳು. ಈಜುಸ್ಪರ್ಧೆಯಲ್ಲಿ ಸೋಲುತ್ತಿದ್ದ ಹುಡುಗನ ಕಥೆ ಕೊಟ್ಟರೆ, ಕೊಳದ ಆಚೆ ದಡದಲ್ಲಿ ಮೈಮೇಲೆ ಹಿಮ ಹೊತ್ತ ನಾಯಿಯೊಂದು ಪ್ರತ್ಯಕ್ಷವಾಗಿ ಬಾಲ ಅಲ್ಲಾಡಿಸುತ್ತಿತ್ತು. ವಸ್ತುಸಂಗ್ರಹಾಲಯದಲ್ಲಿ ಕನ್ನಡಕ ಕಳೆದುಕೊಂಡ ಅಜ್ಜನ ಕಥೆ ಕೊಟ್ಟರೆ, ಕನ್ನಡಕವನ್ನು ಬಾಯಲ್ಲಿ ಕಚ್ಚಿಕೊಂಡು ಬಟನ್ ಬಂತು. ಗಗನಯಾನಿಯ ಕಥೆಯಲ್ಲಿ ನೌಕೆಯ ಬಾಗಿಲನ್ನು ಹೊರಗಿನಿಂದ ಯಾರೋ ಕೆರೆದರು. ಯಾರೆಂದು ನಾನು ತಮಗೆ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಪಾಂಗ್ ಟೀಚರು ನನ್ನನ್ನು ಕರೆಸಿದರು. 'ಏನ್ ಗೆಂಗ್ ಅವರೇ, ಮನೇಲೇನಾದ್ರೂ ನಾಯಿ ಸಾಕಿದೀರಾ?' ಎಂದು ಕೇಳಿ, ಇಲ್ಲವೆಂದ ಮೇಲೆ ಉತ್ತರಪತ್ರಿಕೆಗಳನ್ನು ನನ್ನ ಮುಂದಿಟ್ಟರು. ಈಜುಕೊಳದ ಕಥೆಯ ಕೆಳಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: ನಾಯಿ ಮುದ್ದಾಗಿದೆ, ಅಂಕ ಇಲ್ಲ. ಅವರು ಯಾನ್‌ಯಾನಳನ್ನು ಕರೆದು, 'ನೋಡಮ್ಮ, ಇದು ಪರೀಕ್ಷೆ, ಧರ್ಮಛತ್ರ ಅಲ್ಲ. ಬಂದ್ ಬಂದ ಪ್ರಾಣಿಗೆಲ್ಲ ಜಾಗ ಕೊಡೋಕಾಗುತ್ತಾ? ಆ ಮುದುಕನ ನಾಯೀನ ಮುದುಕನ ಹತ್ರಾನೇ ಬಿಡು' ಎಂದರು. 'ಬಿಡ್ತೀನಿ ಟೀಚರ್, ಆದ್ರೆ ಅದಿನ್ನೂ ಅವನ ಹತ್ರ ಬಂದೇ ಇಲ್ವಲ್ಲ' ಎಂದು ಇವಳು. ಪಾಂಗ್ ಟೀಚರು ದನಿ ತಗ್ಗಿಸಿ, 'ನಿಜ ಹೇಳ್ಬೇಕು ಅಂದ್ರೆ ನಂಗೂ ಗೊತ್ತಿಲ್ಲ ಗೆಂಗ್ ಅವರೇ, ನಮಗೆ ಕೊಡೋ ಉತ್ತರದ ಪುಸ್ತಕದಲ್ಲೂ ಇಲ್ಲ' ಎಂದರು.

ಅಷ್ಟರಲ್ಲಿ ಸುದ್ದಿ ನಮ್ಮ ಕಟ್ಟಡದ ಸಾಮೂಹಿಕ ಅಡುಗೆಮನೆಯನ್ನು ಮುಟ್ಟಿತು, ಒಲೆಗೊಂದು ಪಕ್ಷ ಹುಟ್ಟಿತು. ಎಡಗಡೆ ಒಲೆಯ ತಾಯಂದಿರು ನಾಯಿ ಬಂತೆಂದರು. ಬಲಗಡೆಯವರು ಬಂದದ್ದು ಕುರಿಮರಿ ಮಾತ್ರ ಎಂದು ಕಣ್ಣೊರೆಸಿಕೊಂಡರು. ಗೊತ್ತಾಗದ ಪ್ರಶ್ನೆಯ ನಾಲ್ಕು ಆಯ್ಕೆಗಳಲ್ಲಿ ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನು ಗುರುತು ಮಾಡು ಎಂದು ನಮ್ಮ ಮಕ್ಕಳು ಪಾಲಿಸುವ ಸೂತ್ರವನ್ನೇ ಇಲ್ಲಿಗೂ ಹಚ್ಚಿ, 'ಬಂತು' ಅನ್ನೋದೇ ಗಿಡ್ಡ, ಅದಕ್ಕೇ ಬಂದಿದೆ ಎಂದು ಒಬ್ಬರು ತೀರ್ಪು ಕೊಟ್ಟರು. ಮನೆಯೊಡತಿ ಹೌ ಅಕ್ಕ ಹೆಸರಿನಲ್ಲಷ್ಟೇ ಹೌ, ಯಾವುದಕ್ಕೂ ಹೌದೆಂದವರಲ್ಲ. ಅವರು ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, 'ಸತ್ತಿತು ಗಿತ್ತಿತು ಅಂತ ನನ್ನ ಮನೇಲಿ ಯಾರಾದ್ರೂ ಅಂದೀರಾ ಹುಷಾರು! ಮೇಲಿನ ಕೋಣೆ ಹುಡುಗ ಊರಿಗೇ ಮೊದಲು ಬಂದ ಅಂತ ಬೋರ್ಡು ಹಾಕಿದೀನಿ. ನಾಯಿ ಸತ್ತ ಮನೆ ಅಂತ ಗೊತ್ತಾದ್ರೆ ಮುಂದಿನ ವರ್ಷ ಯಾರ್ರೀ ಬಾಡಿಗೆಗೆ ಬರ್ತಾರೆ? ಗೆಂಗಣ್ಣ, ನೀವು ಓದಿದೋರು, ಹೆಂಗಾದ್ರೂ ಮಾಡಿ ಅದನ್ನ ಮನೆಗೆ ಕರಕೊಂಡು ಬನ್ನಿ' ಎಂದು ಅಪ್ಪಣೆ ಮಾಡಿದರು.

ಓದಿದವನು ಎನ್ನಿಸಿಕೊಂಡ ಮೇಲೆ ಸುಮ್ಮನಿರುವುದು ಹೇಗೆ? ನಿಘಂಟನ್ನು ಮಡಿಲಲ್ಲಿಟ್ಟುಕೊಂಡು, ನನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ, ತಾವು ಕತ್ತರಿಸಿದ ಭಾಗವನ್ನು ನಾನೇ ಬರೆದೆ. ಮುದ್ರಣದಂಗಡಿಯಲ್ಲಿ ಪರೀಕ್ಷೆಯ ಅಕ್ಷರದಲ್ಲೇ ಅಚ್ಚು ಹಾಕಿಸಿ, ಹಳೆಯದಾಗಿ ಕಾಣಲೆಂದು ಚಹಾದ ನೀರು ಚಿಮುಕಿಸಿ, ಮೂಲಕಥೆ ಕೊನೆಗೂ ಸಿಕ್ಕಿತೆಂದು ಪಕ್ಕೆಲುಬಿನ ಸಾರಿನ ಬಟ್ಟಲ ಪಕ್ಕ ಮಗಳ ಮುಂದಿಟ್ಟೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಮೇಜಿಗೆ ತಲೆಯಾನಿಸಿ ನಕ್ಕಳು ನೋಡಿ, ಆ ವಸಂತವಿಡೀ ನಮ್ಮ ಕೋಣೆಯಲ್ಲಿ ಅಂಥ ನಗು ಕೇಳಿರಲಿಲ್ಲ. 'ಅಪ್ಪಾ, ಇದು ನೀನೇ ಬರೆದಿದ್ದು.' ಹೇಗೆ ಗೊತ್ತಾಯಿತೆಂದು ಕೇಳಿದೆ. 'ಬಿರುಗಾಳೀಲಿ ಬದುಕಿ ಬಂದ ನಾಯೀನ ಆ ದೇಶದ ಮುದುಕ ಬಾಗಿಲಲ್ಲೇ ನಿಲ್ಲಿಸಿ, ಊಟ ಆಯ್ತಾ ಅಂತ ಕೇಳ್ತಾನೇನಪ್ಪ? ಅದೂ ಹೋಗ್ಲಿ, ಒಳಗೆ ಕರೆದು ಮೊದಲು ಒಂದು ಬಟ್ಟಲು ಬಿಸಿನೀರು ಕುಡಿ, ಎಲ್ಲಾ ಸರಿಹೋಗುತ್ತೆ ಅಂತಾನಲ್ಲ! ಜ್ವರ ಬಂದ್ರೂ ಬಿಸಿನೀರು, ಅಂಕ ಹೋದ್ರೂ ಬಿಸಿನೀರು ಅನ್ನೋನು ಇಡೀ ಲೋಕದಲ್ಲಿ ನೀನೊಬ್ಬನೇ.'

ಸ್ವಾಮೀ, ಬೇರೆ ಏನು ಕೇಳಬೇಕಿತ್ತು? ಹಿಮದಲ್ಲಿ ನೆನೆದು ಬಂದ ಜೀವಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ಆದರೆ ನಕ್ಕು ಮುಗಿದ ಮೇಲೆ ಅವಳು ಆ ಹಾಳೆಯನ್ನು ಮಡಿಚಿ ನನಗೇ ಹಿಂದಿರುಗಿಸುತ್ತ, 'ಗದ್ಯದಲ್ಲಿ ಇಲ್ಲದ್ದನ್ನ ಉತ್ತರ ಅಂತ ಬರೀಬಾರದು ಅಂತ ನಮಗೆ ಹೇಳಿಕೊಟ್ಟಿದಾರಪ್ಪ. ಚೆನ್ನಾಗಿದೆ, ಆದ್ರೆ ಬಟನ್ ಇನ್ನೂ ಬಂದಿಲ್ಲ' ಎಂದಳು. ಮಕ್ಕಳಿಗೆ ಇಷ್ಟೊಂದು ಪ್ರಾಮಾಣಿಕತೆಯನ್ನು ಕಲಿಸಿದ ಕೀರ್ತಿಯೂ ತಮ್ಮದೇ. ನನ್ನ ಕೈಲಿ ಉಳಿದದ್ದು ಒಂದು ಬಟ್ಟಲು ಸಾರು ಮತ್ತು ಬೆಟ್ಟದಷ್ಟು ಆತಂಕ. ಏಕೆಂದರೆ ಅಂಕ ಹೋದ ಕಡೆಯಲ್ಲೆಲ್ಲ ಆತಂಕವೇ ಬಂದು ಕೂರುತ್ತದೆ.

ಪರೀಕ್ಷೆ ಬಂತು. ಮೊದಲ ದಿನ ತಾಯಂದಿರು ವಿಜಯಕ್ಕೆಂದು ಕೆಂಪು ಛೀಪಾವ್ ನಿಲುವಂಗಿ ತೊಟ್ಟು ಶಾಲೆಯ ಗೇಟಿನಲ್ಲಿ ನಿಲ್ಲುವುದು, ಎರಡನೆಯ ದಿನ ದಾರಿಯುದ್ದಕ್ಕೂ ಹಸಿರು ದೀಪವೇ ಸಿಗಲೆಂದು ಹಸಿರು ತೊಡುವುದು ಇಲ್ಲಿಯ ಪದ್ಧತಿ. ಇಂಗ್ಲಿಷ್ ಎರಡನೆಯ ದಿನ ಮಧ್ಯಾಹ್ನ. 'ತಾಯಿ ಬಂದಿಲ್ಲ ಅಂತ ಮಗೂಗೆ ಕೆಂಪು ದೀಪ ಬೀಳ್ಬೇಕಾ? ತೊಡ್ರೀ ಸುಮ್ನೆ!' ಎಂದು ಹೌ ಅಕ್ಕ ತಮ್ಮ ಹಸಿರು ರೇಷ್ಮೆಯ ಛೀಪಾವನ್ನು ನನ್ನ ಮೇಲೆ ಏರಿಸಿದರು. ಅದರ ಪಕ್ಕೆಯ ಸೀಳು ನನ್ನ ಮೊಣಕಾಲನ್ನು ಲೋಕಕ್ಕೆ ಪರಿಚಯಿಸಿತು; ಹೊಟ್ಟೆಯ ಬಳಿಯ ಗುಂಡಿಯೊಂದು ಮಾತ್ರ ಉಸಿರು ಬಿಟ್ಟ ಕೂಡಲೇ ಹಾರಿ ಹುಲ್ಲಿನಲ್ಲಿ ಕಣ್ಮರೆಯಾಯಿತು. ಓಣಿಯ ತಾಯಂದಿರೆಲ್ಲ ಬಗ್ಗಿ ಹುಡುಕುತ್ತಿದ್ದಾಗ ಯಾರೋ, 'ಇದೂ ಉತ್ತರಕ್ಕೇ ಹೋಯ್ತು ಗೆಂಗಣ್ಣ!' ಎಂದರು. ಎಲ್ಲರೂ ನಕ್ಕರು. ನಾನು ಮಾತ್ರ ಮುಚ್ಚಿದ ಗೇಟಿನ ಕಡೆ ನೋಡುತ್ತ, ಆಕಾಶದ ನಾಯಿಯನ್ನು ಓಡಿಸಲು ಅಜ್ಜಿಯ ತಾಂಬಾಳವಾದರೂ ಇರಬಾರದಿತ್ತೇ ಎಂದುಕೊಳ್ಳುತ್ತಿದ್ದೆ.

ಗೇಟು ತೆರೆಯಿತು. ಪರೀಕ್ಷೆ ಹೇಗಾಯಿತೆಂದು ಕೇಳಬಾರದು, ಅದು ಈ ಊರಿನ ಮೊದಲ ನಿಯಮ. ನಾನು ಕೇಳಲಿಲ್ಲ, ಬಿಸಿನೀರಿನ ಫ್ಲಾಸ್ಕನ್ನು ಮುಂದೆ ಹಿಡಿದೆ, ಅಷ್ಟೆ. ಯಾನ್‌ಯಾನ್ ನನ್ನನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ನೋಡಿ, ನಗು ತಡೆದುಕೊಂಡು, ಒಂದು ಗುಟುಕು ಕುಡಿದಳು. ನಿಯಮ ಮುರಿದವರು ಹೌ ಅಕ್ಕ: 'ನಾಯಿ ತಂದ್ಯೇನೇ?'

'ಇಲ್ಲ ಚಿಕ್ಕಮ್ಮ, ತರಲಿಲ್ಲ' ಎಂದಳು ಅವಳು. ಕೊಟ್ಟ ಕಥೆ, ಅಜ್ಜಿಯ ಮನೆಗೆ ರಜೆಗೆ ಹೋಗಿ ಮೊದಲ ಸಲ ರೊಟ್ಟಿ ಬೇಯಿಸಲು ಹೋಗಿ ಸೀಯಿಸಿದ ಹುಡುಗಿಯದಂತೆ. ನಾಲ್ಕೂ ಗದ್ಯ ಓದಿ ಮುಗಿಸಿ, ಇದಕ್ಕೆ ಬಂದು, ಅಳು ಹಾಕಿದಳಂತೆ, ಅಪ್ಪುಗೆ ಹಾಕಿದಳಂತೆ, ಪಾಂಗ್ ಟೀಚರು ಹೇಳಿದ ಹೊಂಬಿಸಿಲನ್ನೂ ಅಳತೆ ಮೀರದಂತೆ ಹಾಕಿದಳಂತೆ. ಕಟ್ಟಡದ ಸಮಸ್ತರೂ ಉಸಿರು ಬಿಟ್ಟೆವು. ನಾವಿಬ್ಬರೇ ಓಣಿಯ ತಿರುವಿಗೆ ಬಂದ ಮೇಲೆ ಅವಳು ನನ್ನ ಹಸಿರು ತೋಳು ಎಳೆದು ಹೇಳಿದಳು: 'ಅಪ್ಪಾ, ಕೊನೇಲಿ ಒಂದು ಸಾಲಿಗೆ ಜಾಗ ಉಳಿದಿತ್ತು. ಎಲ್ಲರೂ ಮಲಗೋಕೆ ಹೋದ್ಮೇಲೆ ಅಜ್ಜಿ ಎದ್ದು ಬಂದು ಬಾಗಿಲ ಚಿಲಕ ತೆಗೆದಿಟ್ಟಳು, ಹೊಸ್ತಿಲ ಒಳಗೆ ಒಂದು ಬಟ್ಟಲು ಬಿಸಿನೀರು ಇಟ್ಟಳು ಅಂತ ಬರೆದೆ. ಯಾಕೆ ಅಂತ ಬರೀಲಿಲ್ಲ.'

ಆದ್ದರಿಂದ ಮಾನ್ಯರೇ, ನನ್ನ ವಿನಂತಿಗಳು ಇಷ್ಟೇ. ಬಾಗಿಲು ತೆರೆದಿದೆ, ನೀರು ಬಿಸಿಯಾಗಿದೆ; ದಯವಿಟ್ಟು ತಾವು ಕತ್ತರಿಸಿ ಎಸೆದ ಸಾಲುಗಳ ರಾಶಿಗೆ ಕಂದೀಲು ಹಿಡಿದುಕೊಂಡು ಹೋಗಿ, ಬಟನ್ ಅಲ್ಲಿ ಎಲ್ಲಿಯಾದರೂ ಮೈ ಮುದುಡಿ ಮಲಗಿದ್ದರೆ ಎಬ್ಬಿಸಿ ಕಳಿಸಿಕೊಡುವುದು. ಕುರಿಮರಿಯೂ ಜೊತೆಗಿದ್ದರೆ ಸಂತೋಷ. ಒಂದು ವೇಳೆ ಮೂಲದಲ್ಲಿ ನಾಯಿ ಬರುವುದೇ ಇಲ್ಲವಾದರೆ, ತಮ್ಮ ಕತ್ತರಿಯ ಕೀರ್ತಿಯನ್ನು ಬಲ್ಲ ನಾನು ಬೇಡಿಕೊಳ್ಳುವುದು ಇನ್ನೊಂದೇ: ಆ ಸುದ್ದಿಯನ್ನೂ ಸಂಕ್ಷೇಪಿಸಿ, ಏನೂ ಉಳಿಯದಂತೆ. ಫಲಿತಾಂಶ ಬರುವವರೆಗೆ ನಾವು ಇದೇ ವಿಳಾಸದಲ್ಲಿರುತ್ತೇವೆ. ಮಗಳು ಪಶುವೈದ್ಯೆಯಾದಳೆಂದರೆ ಬಟನ್‌ನ ಹೆಪ್ಪುಗಟ್ಟಿದ ಪಾದಗಳಿಗೆ ಚಿಕಿತ್ಸೆ ಉಚಿತ. ನಲ್ಲಿ ಮಾರುವವಳಾದಳೆಂದರೂ ಬಿಸಿನೀರಿಗೆ ಕೊರತೆಯಿಲ್ಲ.

ಇಂತಿ,
ಕತ್ತರಿಗೆ ಸಿಗದೆ ಉಳಿದಷ್ಟು ನಂಬಿಕೆಯೊಂದಿಗೆ
ತಮ್ಮ ವಿಶ್ವಾಸಿ,
ಗೆಂಗ್ ಷಿಲಿನ್
(ಗಂಡು ತಾಯಿ, ಹೌ ಅಕ್ಕನವರ ಕಟ್ಟಡ)

ತಾ.ಕ.: ಮುಂದಿನ ವರ್ಷದ ಮಕ್ಕಳಿಗಾಗಿ ತಾವು ಹೊರತಂದ ಹೊಸ ಅಭ್ಯಾಸಪತ್ರಿಕೆ ನಿನ್ನೆ ಪಕ್ಕದ ಕೋಣೆಗೆ ಬಂದಿದೆ. ಮೊದಲ ಗದ್ಯದ ಕೊನೆಯ ಸಾಲಿನಲ್ಲಿ ಒಂದು ಬೆಕ್ಕು ಚರ್ಚಿನ ಗೋಪುರ ಹತ್ತಿ ಕೂತಿದೆ, ಕೆಳಗೆ ಜನ ಸೇರಿದ್ದಾರೆ, ಮೋಡ ಕವಿಯುತ್ತಿದೆ. ಪಕ್ಕದ ಕೋಣೆಯವರು ಈಗಾಗಲೇ ಎರಡು ಸಲ ಬಂದು ನನ್ನ ಬಾಗಿಲು ತಟ್ಟಿದರು. ಹಸಿರು ಛೀಪಾವ್ ತೊಟ್ಟು ಗೋಪುರ ಹತ್ತಲು ಈ ವಯಸ್ಸಿನಲ್ಲಿ ನನ್ನಿಂದಾಗದು. ಅದನ್ನು ದಯವಿಟ್ಟು ತಾವೇ ಕೆಳಗಿಳಿಸುವುದು.