ಬಾಳೆಲೆ ಕಾಯುವ ಅತ್ತೆ

ನಂಜನಗೂಡಿನಿಂದ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋಗಿ, ಒಂದು ಬಾಳೆಲೆಯನ್ನು ಎದುರುಗೊಳ್ಳುವವರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ನಮ್ಮ ಸೋದರತ್ತೆಯನ್ನು ಕಂಡಿಲ್ಲವೆಂದಾಯಿತು! ತೊಂಬತ್ತರ ದಶಕದ ಕೊನೆಯಲ್ಲಿ ಪ್ರತಿ ಭಾನುವಾರ ಅವಳ ಕಾರ್ಯಕ್ರಮ ಇದೇ.

ಕಾರಣ ಸುಮ. ಹತ್ತು ತಿಂಗಳ ಕೂಸಾಗಿದ್ದಾಗ ಅತ್ತೆ ದತ್ತು ತಂದ ಮಗಳು. ಈ ಬಾಳೆಲೆಯ ಕಾಲಕ್ಕೆ ಅವಳಿಗೆ ಹದಿನಾಲ್ಕು ವರ್ಷ. ಮಾತು ಕಡಿಮೆ, ಮುಟ್ಟಿದರೆ ಸಿಡಿಮಿಡಿ, ತಟ್ಟೆಯಲ್ಲಿ ಪಲ್ಯ ಅನ್ನಕ್ಕೆ ತಾಗಿದರೆ ಊಟವೇ ಬಂದ್. ಮೈಸೂರಿನ ಡಾಕ್ಟರು ಇದಕ್ಕೆ ಆಟಿಸಂ ಅಂತಾರೆ ಎಂದಾಗ ಅತ್ತೆ ಕೇಳಿದ್ದು ಒಂದೇ: ಹೆಸರೇನೋ ಸರಿ, ಪಲ್ಯಕ್ಕೆ ಬೇರೆ ಬಟ್ಟಲು ಇಡಬಹುದು ತಾನೇ?

ಶನಿವಾರ ಬೆಳಗ್ಗೆ ಸುಮ ಬಾಳೆಲೆಯ ಅಂಚನ್ನು ಐದು ಕಡೆ ಸೀಳಿ ಕಪಿಲೆಗೆ ಬಿಡುತ್ತಿದ್ದಳು. ಈ ನೀರು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಹಾಗಾದರೆ ಎಲೆಯೂ ಅಲ್ಲಿಗೆ ಬರಲೇಬೇಕಲ್ಲ! ಬೇರೆಯವರಾಗಿದ್ದರೆ ಗದರಿ ಸುಮ್ಮನಾಗಿಸುತ್ತಿದ್ದರು. ನಮ್ಮತ್ತೆ ಮೊಸರನ್ನ ಕಟ್ಟಿಕೊಂಡು ಹೊರಟಳು. ಎರಡು ಹೊಳೆ ಕೂಡುವಲ್ಲಿ, ಒಂದರ ಬಣ್ಣ ಇನ್ನೊಂದರಲ್ಲಿ ಕರಗುವುದನ್ನು ನೋಡುತ್ತಾ ಇಬ್ಬರೂ ಸಂಜೆಯವರೆಗೆ ಕೂರುವರು. ಜೊತೆಗೆ ಹೋದ ನನಗೂ ಅರ್ಧ ಗಂಟೆಯಲ್ಲಿ ಕಣ್ಣು ಮಂಜಾಗಿ, ನೀರು ನಿಂತು ದಡವೇ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತಿತ್ತು. ಎಲೆ ಮಾತ್ರ ಬರುತ್ತಿರಲಿಲ್ಲ. ಬತ್ತದೆ ಕಣಪ್ಪ, ಅದಕ್ಕೇನವಸರ ಎನ್ನುವಳು ಅತ್ತೆ.

ನಾನಾಗ ಪಿಯುಸಿ, ಬುದ್ಧಿ ಸ್ವಲ್ಪ ಜಾಸ್ತಿ. ಒಂದು ಭಾನುವಾರ ಐದು ಸೀಳಿನ ಎಲೆಯೊಂದನ್ನು ಪೊದೆಯ ಮರೆಯಿಂದ ನಾನೇ ತೇಲಿಬಿಟ್ಟೆ. ಸುಮ ಎತ್ತಿಕೊಂಡು, ತಿರುಗಿಸಿ, ಮೂಸಿ ನೋಡಿದಳು.

"ನಮ್ದಲ್ಲ. ಯಾರೋ ಕಾಯ್ತಾವ್ರೆ. ವಾಪಸ್ ಬಿಡು."

ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಿಗಿಳಿದು ವಾಪಸ್ ಬಿಟ್ಟವನು ಯಾರೆಂದು ಬೇರೆ ಹೇಳಬೇಕೇ!

ಅವತ್ತೇ ಕಡಲೆಕಾಯಿ ಮಾರುವ ಮುದುಕಿಯೊಬ್ಬಳು ಅತ್ತೆಯ ಗುರುತು ಹಿಡಿದಳು. ಕೂಸು ಕೊಟ್ಟವರ ಪಕ್ಕದ ಮನೆಯವಳಂತೆ. ಅತ್ತೆ ಇಷ್ಟು ವರ್ಷ ಬಾಯಿಬಿಡದಿದ್ದ ಸಂಗತಿಯನ್ನು ಆ ಮುದುಕಿ ಸುಮಳ ಮುಖ ನೋಡಿ ಆಡಿಯೇಬಿಟ್ಟಳು.

"ನಿನ್ನ ಎತ್ತವ್ಳು ಇದೇ ಊರೋಳು ಕಣವ್ವ. ಇಲ್ಲೇ ಮೂಗೂರು ರಸ್ತೇಲವ್ಳೆ."

ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಅವಳ ಭಯ ನನಗೆ ಅರ್ಥವಾಯಿತು. ಸುಮಳಿಗೆ ಇರುವುದು ಒಂದೇ ನ್ಯಾಯ: ಯಾರದ್ದೋ ಅದು ಅವರಿಗೇ ಸೇರಬೇಕು. ಈಗ ತಾನೂ ವಾಪಸ್ ಹೋಗಬೇಕು ಎಂದುಬಿಟ್ಟರೆ? ಹೋಗ್ತೀಯೇನವ್ವ ಎಂದು ಕೇಳುವ ಧೈರ್ಯ ಅತ್ತೆಗೂ ಇರಲಿಲ್ಲ, ನನಗೂ ಇರಲಿಲ್ಲ. ಸುಮ ತುಂಬ ಹೊತ್ತು ಹೊಳೆ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ನಡೆದಳು. ನಾವು ಅವಳ ಹಿಂದೆ. ಅವಳು ಹೋದದ್ದು ಬಸ್ ಸ್ಟಾಂಡಿಗೆ.

ನಂಜನಗೂಡಿನ ಬಸ್ಸು ಆಗಲೇ ತುಂಬುತ್ತಿತ್ತು. ನೂಕುನುಗ್ಗಲು ಕಂಡರೆ ಕಿವಿ ಮುಚ್ಚಿಕೊಳ್ಳುವ ಹುಡುಗಿ, ಕಿಟಕಿಯಿಂದ ತನ್ನ ದುಪಟ್ಟಾ ಎಸೆದು ಸೀಟು ಹಿಡಿದು, ಜನರ ನಡುವೆ ನುಗ್ಗಿ ಒಳಗೆ ಹೋದಳು. ಕೂರಲು ಬಂದ ದಪ್ಪ ಮನುಷ್ಯನಿಗೆ ಕೈ ಅಡ್ಡ ಹಿಡಿದಳು.

"ಕೂರ್ಬೇಡಿ. ನಮ್ಮವ್ವ ಬತ್ತಾವ್ಳೆ. ಅವ್ಳಿಗೆ ಮಂಡಿನೋವು."

ಅತ್ತೆ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಬೇಗ ಹತ್ತಮ್ಮ ಎಂದು ಕಂಡಕ್ಟರ್ ರೇಗಿದ. ಮೆಟ್ಟಿಲು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನೇ ಕೈ ಹಿಡಿದು ಹತ್ತಿಸಿದೆ.